ಸಾವಿರಕ್ಕೆ ಮೂರು

ಮಾಚೇನಹಳ್ಳಿಯ ನಾಲ್ಕನೇ ಶೆಡ್ಡಿನಲ್ಲಿ
ನನ್ನ ಕೆಲಸ ಅನುಮಾನ ಪಡುವುದು.
ಗಂಟೆಗೆ ಐದು ಗೈಡು,
ಬಿಸಿ ಆರಿಸಿ, ಒರೆಸಿ, ಮೈಕ್ರೋಮೀಟರಿನ ಬಾಯಿಗೆ ಕೊಟ್ಟು
ಅದು ಮೂರು ಸಲ ಕಟಕಟ ಅಂದ ಮೇಲೆ ಓದುವುದು.
ಬೇಕಾದ್ದು ಹನ್ನೆರಡು ಮಿಲಿಮೀಟರು,
ಆಚೆಗೆ ಮೂವತ್ತು ಮೈಕ್ರಾನು, ಈಚೆಗೆ ಮೂವತ್ತು.
ಓಡಾಡಲು ಅಷ್ಟೇ ಜಾಗ,
ನನ್ನ ತಲೆಗೂದಲು ಕೂಡ ಅದರಲ್ಲಿ ತೂರದು.

ಯಾವ ಎರಡೂ ಒಂದೇ ಅಲ್ಲ.
ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.
ಒಂದೇ ಸರಳು, ಒಂದೇ ಲೇತು, ಒಂದೇ ಕೈ,
ಆದರೂ ಒಂದು ತುಸು ತೋರ, ಒಂದು ತುಸು ಸಣಕಲು.
ಚೌಕಳಿ ಹಾಳೆಯಲ್ಲಿ ಗುರುತು ಹಾಕುತ್ತ ಹೋದರೆ
ಪಾಳಿ ಮುಗಿಯುವ ಹೊತ್ತಿಗೆ ಒಂದು ರಾಶಿ.
ಪುಸ್ತಕದವರು ಗಂಟೆ ಅನ್ನುತ್ತಾರೆ.
ನನಗದು ಸೇರಿನಿಂದ ಸುರಿದ ಭತ್ತ:
ನಡುವೆ ಎತ್ತರ, ಎರಡೂ ಕಡೆ ಇಳಿಜಾರು,
ಆಮೇಲೆ ದೂರ ಹಾರಿ ಕೂತ ಒಂದೋ ಎರಡೋ ಕಾಳು,
ಯಾರೂ ಎಸೆಯದಿದ್ದರೂ.

ಓಂಕಾರ, ಆನವಟ್ಟಿ ಕಡೆಯ ಹುಡುಗ,
ನಾನು ರಜೆ ಹಾಕಿದ ವಾರ ಚಾರ್ಟು ನೋಡಿಕೊಂಡ.
ಸೋಮವಾರ ಬಂದು ಅವನ ಹಾಳೆ ತೆಗೆದೆ.
ಎಷ್ಟು ಚಂದ ಅಂದರೆ
ನನಗೆ ಹೊಟ್ಟೆ ತೊಳಸಿತು.
ಲೋಟ ಬೋರಲು ಹಾಕಿದ ಹಾಗೆ,
ಇಳಿಜಾರಿಲ್ಲ, ಹಾರಿದ ಕಾಳಿಲ್ಲ.

ಕೂತು ಬರೆದ ಅಂಕಿ ಅಂಚಿಗೆ ಹೋಗದು.
ಸುಳ್ಳಿಗೆ ಧೈರ್ಯ ಕಡಿಮೆ,
ಸೆರಗು ಹಿಡಿದ ಮಗುವಿನ ಹಾಗೆ
ನಡುಮನೆಯಲ್ಲೇ ಸುಳಿದಾಡುತ್ತದೆ.

"ಅಳೆದೆಯಾ?" ಅಂದೆ.
ಎಣ್ಣೆ ಮೆತ್ತಿದ ತನ್ನ ಬೂಟು ನೋಡಿಕೊಂಡ.
"ಬುಧವಾರದ ತನಕ ಅಳೆದೆ ಅಕ್ಕ. ದಪ್ಪ ಬರ್ತಾ ಹೋಯ್ತು.
ಬರೆದರೆ ಹುಚ್ಚರಾಯಪ್ಪನವರ ಮೇಲೆ ಹಾಕ್ತಾರೆ.
ಅವರ ಕೈ ನಡುಗೋದು ನೀವೂ ನೋಡಿದೀರಲ್ಲ."

ನೋಡಿದ್ದೆ. ಟೀ ಲೋಟ ಎತ್ತುವಾಗ.
ಇಪ್ಪತ್ತೇಳು ವರ್ಷ ಲೇತು ಹಿಡಿದ ಕೈ,
ರಿಟೈರಾಗಲು ಹನ್ನೊಂದು ತಿಂಗಳು.

ಗುರುವಾರದ್ದು, ಶುಕ್ರವಾರದ್ದು ಪುಣೆಗೆ ಹೋಗಿಯಾಗಿತ್ತು.
ಆ ಫೋನು ನಾನೇ ಮಾಡಬೇಕಾಯಿತು. ಆ ಮಾತು ಇಲ್ಲಿ ಬೇಡ.
ಶನಿವಾರದ ಮಾಲು ಸ್ಟೋರಿನಲ್ಲಿತ್ತು.
ಇನ್ನೂರು ಗೈಡು ಇಬ್ಬರೂ ಕೂತು ಅಳೆದೆವು.
ಭದ್ರಾವತಿ ಕಡೆಗೆ ರೈಲು ಹೋಯಿತು,
ಡಬ್ಬಿಯಲ್ಲಿ ರೊಟ್ಟಿ ಒಣಗಿತು,
ರಾಶಿ ಎದ್ದಿತು.

ಕೆಟ್ಟ ರಾಶಿಯಲ್ಲ.
ಅದೇ ಅಗಲ, ಅದೇ ಇಳಿಜಾರು.
ಇಡಿಯಾಗಿ ಬಲಕ್ಕೆ ಜರುಗಿತ್ತು, ಹದಿನೆಂಟು ಮೈಕ್ರಾನು,
ಮಲಗಿದವರನ್ನು ಎಬ್ಬಿಸದೆ ಚಾಪೆ ಎಳೆದ ಹಾಗೆ.
ಬೇಲಿಯಾಚೆ ಬಿದ್ದವು ಇಪ್ಪತ್ತಮೂರು.

ನಡುಗುವ ಕೈ ರಾಶಿಯನ್ನು ಚೆಲ್ಲಾಡುತ್ತದೆ ಓಂಕಾರ,
ಹೀಗೆ ಎತ್ತಿ ಪಕ್ಕಕ್ಕೆ ಇಡುವುದಿಲ್ಲ.
ಇದು ಉಳಿಯ ಕೆಲಸ.
ಉಳಿ ಸವೆದಷ್ಟೂ ಕಬ್ಬಿಣ ಉಳಿಯುತ್ತದೆ.
ಬದಲಿಸಲು ನಾಲ್ಕು ನಿಮಿಷ,
ಚಾರ್ಟು ಬುಧವಾರವೇ ಕೂಗುತ್ತಿತ್ತು,
ನೀನು ಪಾಪ ಅಂದುಕೊಂಡು ಅದರ ಬಾಯಿ ಮುಚ್ಚಿದೆ.
ಆ ಮುದುಕನ ಪರ ಇದ್ದ ಒಂದೇ ಸಾಕ್ಷಿ ಅದು.

ಹುಚ್ಚರಾಯಪ್ಪ ಏನೂ ಅನ್ನಲಿಲ್ಲ.
ಹಳೇ ಉಳಿಯ ಮೂತಿಗೆ ಉಗುರು ಆಡಿಸಿ ನೋಡಿ
ಹೊಸದು ಕೂರಿಸಿದರು. ಕೈ ನಡುಗಿತು,
ಸ್ಕ್ರೂ ತಪ್ಪಲಿಲ್ಲ.
ಮಧ್ಯಾಹ್ನಕ್ಕೆ ರಾಶಿ ತನ್ನ ಜಾಗಕ್ಕೆ ಬಂದು ಕೂತಿತು.

ಮೂರೂ ನಲವತ್ತಕ್ಕೆ ಒಂದು ಗೈಡು:
ಮೂವತ್ತನಾಲ್ಕು ಹೆಚ್ಚು.
ಒರೆಸಿ ಮತ್ತೆ ಅಳೆದೆ. ಮೂವತ್ತನಾಲ್ಕು.
ಮುಂದಿನದು ಸರಿ, ಅದರ ಮುಂದಿನದೂ ಸರಿ.
"ಈಗೇನಾಯ್ತು ಅಕ್ಕ?" ಹುಡುಗನ ಮುಖ ಬಿಳಿಚಿತು.
ಏನೂ ಆಗಿಲ್ಲ ಕಣೋ.
ಎಲ್ಲ ಸರಿ ಇದ್ದರೂ ಸಾವಿರಕ್ಕೆ ಮೂರು
ಹೀಗೆ ಬಂದೇ ಬರುತ್ತವೆ.

ಹುಚ್ಚರಾಯಪ್ಪ ಅದನ್ನು ಹೆಬ್ಬೆರಳಿನ ಕೆಳಗೆ ಉರುಳಿಸಿದರು.
"ಹಂಗಾರೆ ಇದಕ್ಕೆ ಯಾರನ್ನ ಬಯ್ಯೋದು ಮಾರಾಯ್ತಿ?"
ಅಂದು, ನಕ್ಕು, ತಾವೇ
ಕೆಂಪು ಡಬ್ಬಕ್ಕೆ ಹಾಕಿದರು. ಠಣ್ ಅಂತು.

ಓಂಕಾರ ಬರೆದ,
ಪೆನ್ನು ಎಷ್ಟು ಒತ್ತಿದ ಅಂದರೆ
ಮೂವತ್ತನಾಲ್ಕು
ನಾಳೆಯ ಖಾಲಿ ಹಾಳೆಯ ಮೇಲೂ ಮೂಡಿತ್ತು.