ಮೂರು ತುಂಡಿನ ಭೂಪಟ

ನಮ್ಮ ದೇಶ ಉಡಿದಾರದ ಹಾಗೆ,
ಉದ್ದವೇ ಉದ್ದ, ಅಗಲ ಅಷ್ಟಕ್ಕಷ್ಟೆ.
ಯಾವ ಗೋಡೆಗೂ ಹಿಡಿಸದು.
ಅದಕ್ಕೇ ತಾಲ್ಕಾದ ಈ ಉದ್ಯೋಗ ಕಚೇರಿಯಲ್ಲಿ
ಚಿಲಿಯನ್ನು ಮೂರು ತುಂಡು ಮಾಡಿ
ಪಕ್ಕಪಕ್ಕ ನೇತುಹಾಕಿದ್ದಾರೆ,
ಒಗೆದ ಟವೆಲುಗಳಂತೆ.

ಮರಳುಗಾಡಿನ ಬಡಗಣ ಎಡಕ್ಕೆ,
ದ್ರಾಕ್ಷಿ, ಭೂಕಂಪ, ನಾವು ನಡುವೆ,
ಹಿಮದ ತೆಂಕಣ ಬಲಕ್ಕೆ, ಕಿಟಕಿಯ ಹತ್ತಿರ.
ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ;
ತೆಂಕಣ ಸದಾ ಪಟಪಟ ಅನ್ನುತ್ತಿರುತ್ತದೆ.

ಇದರ ಕೆಳಗೆ ಹತ್ತೊಂಬತ್ತು ವರ್ಷದಿಂದ ಕೂತು
ನಾನು, ಕ್ಲೋರಿಂಡಾ ಪಿಂಚೇರಾ,
ಜನಕ್ಕೆ ಊರು ಹಂಚುತ್ತಿದ್ದೇನೆ.
ಕಲಾಮಾದಲ್ಲಿ ತಾಮ್ರ. ಎರಡಾಳೆತ್ತರ ಗಾಲಿಯ ಲಾರಿ,
ಏಳು ದಿನ ದುಡಿಮೆ, ಏಳು ದಿನ ರಜೆ,
ಸಂಬಳ ಹೇಳುವ ಮುಂಚೆ ಕುರ್ಚಿ ಹಿಡಿದುಕೊಳ್ಳಿ.
ಅಲ್ಲೇ ಮೇಲಿನ ಬೋಳುಬೆಟ್ಟದಲ್ಲಿ
ದೂರದರ್ಶಕದ ಕನ್ನಡಿ ಶುಚಿ ಮಾಡುವವರು ಬೇಕು:
ಕೈ ನಡುಗಬಾರದು, ಸೀನಬಾರದು,
ನಕ್ಷತ್ರ ನೋಡಿದ್ದಕ್ಕೆ ಬೇರೆ ಭತ್ಯೆ ಇಲ್ಲ.
ಕಟ್ಟಕಡೆಯ ಮಗಲ್ಯಾನೆಸ್‌ನಲ್ಲಿ ಗಾಳಿಗಿರಣಿ ಏರುವವರು;
ಹಗ್ಗ ಅವರದು, ಗುಂಡಿಗೆ ನಿಮ್ಮದು.
ಸುಳ್ಳು ಹೇಳಲು ನನಗೆ ಬರುವುದಿಲ್ಲ, ಆದರೆ
‘ಉಜ್ವಲ ಭವಿಷ್ಯ’ ಎಂಬ ರಬ್ಬರ್ ಮುದ್ರೆ ಇದೆ.
ಎಲ್ಲ ಕಾಗದಕ್ಕೂ ಒತ್ತುತ್ತೇನೆ.

ಪೊರಕೆ ಕಾರ್ಖಾನೆ ಮುಚ್ಚಿದ ವಾರ
ಎಲಿಯೆಸೆರ್, ಓರ್ಫೆಲಿನಾ ಬಂದರು.
ಮದುವೆಯಾಗಿ ಎರಡು ತಿಂಗಳು;
ಒಂದೇ ಛತ್ರಿ, ಒಂದೇ ಪೆನ್ನು.
ಅವನಿಗೆ ಬೆಸುಗೆ ಗೊತ್ತು: ಕಲಾಮಾ.
ಅವಳ ಬೆರಳು ಚುರುಕು: ಐಸೆನ್‌ನಲ್ಲಿ
ಮೀನಿನ ಮುಳ್ಳು ಕೀಳುವ ಸಾಲು.
ಜೊತೆಯಾಗಿ ಒಂದೇ ಊರಲ್ಲಿ?
ಕಡತವನ್ನು ಎರಡು ಸಲ ಮಗುಚಿದೆ. ಇರಲಿಲ್ಲ.

ಅವಳು ಎದ್ದು ಭೂಪಟದ ಮುಂದೆ ನಿಂತಳು.
ಹೆಬ್ಬೆರಳು ಕಲಾಮಾದ ಮೇಲೆ,
ಕಿರುಬೆರಳನ್ನು ಜಗ್ಗಿ ಜಗ್ಗಿ ಐಸೆನ್ ಮುಟ್ಟಿಸಿದಳು.
ನಾವು ನಿಂತಿದ್ದ ತಾಲ್ಕಾ
ಅಂಗೈಯಡಿ ಮುಚ್ಚಿಹೋಯಿತು.
‘ನೋಡು, ಒಂದೇ ಗೇಣು ಕಣೋ.’
ಅವನು ನಕ್ಕ. ಅವಳೂ.
ಗೇಣುದ್ದದ ಹೊಟ್ಟೆ, ಗೇಣುದ್ದದ ದೂರ,
ಲೆಕ್ಕ ಸರಿಹೋದಂತೆ ಕಂಡಿತು.

ತುಂಡುಗಳನ್ನು ಒಂದರ ಕೆಳಗೊಂದು ಇಟ್ಟು
ನೋಡಬೇಕು ತಾಯಿ, ಎನ್ನಬೇಕಿತ್ತು.
ಹಿಂದೆ ಇಪ್ಪತ್ತು ಜನ ಸಾಲಿನಲ್ಲಿದ್ದರು.
ಮುದ್ರೆ ಒತ್ತಿದೆ. ಎರಡು ಸಲ.

ಜುಲೈಯಲ್ಲಿ ಫೋನು. ಓರ್ಫೆಲಿನಾ.
ದೂರಲಿಲ್ಲ. ಸಂಬಳ ಹೊತ್ತಿಗೆ ಸರಿಯಾಗಿ ಬರುತ್ತದಂತೆ,
ಕೈಗವಸು ಕಂಪನಿಯದೇ.
‘ಅವನಿಗೆ ಏಳು ದಿನ ರಜೆ, ಮೇಡಂ.
ಬರಲು ಮೂರು ದಿನ, ಹೋಗಲು ಮೂರು.
ಬಸ್ಸು ಪಕ್ಕದ ದೇಶಕ್ಕೆ ಹೋಗಿ
ಮತ್ತೆ ನಮ್ಮ ದೇಶಕ್ಕೆ ಬರುತ್ತದೆ.
ಉಳಿದ ಒಂದು ದಿನ ನನಗೆ ಪಾಳಿ.’
ಆಮೇಲೆ ಸ್ವಲ್ಪ ಹೊತ್ತು ಯಂತ್ರದ ಸದ್ದು.
‘ನಡುವೆ ಏನಾದರೂ ಖಾಲಿ ಬಿದ್ದರೆ...
ಪೊರಕೆಯಾದರೂ ಸರಿ.’

ಆ ಸಂಜೆ ಕಾವಲುಗಾರನಿಂದ ಏಣಿ ಇಸಕೊಂಡೆ.
ಮೂರನ್ನೂ ಇಳಿಸಿ, ಅಂಟುಪಟ್ಟಿ ಹಚ್ಚಿ,
ತುದಿಗೆ ತುದಿ ಸೇರಿಸಿದೆ.
ಬಡಗಣ ಸೂರಿಗೆ ತಾಗಿತು.
ತಾಲ್ಕಾ ನನ್ನ ಮೊಣಕಾಲಿಗೆ ಬಂತು.
ಉಳಿದ ದೇಶ ನೆಲಕ್ಕಿಳಿದು,
ಬೀರುವಿನ ಪಕ್ಕದಿಂದ ಹಾದು,
ಹೊಸ್ತಿಲ ತನಕ ಹರಿಯಿತು.

ಸಾಹೇಬರು ಬಾಲ್ತಸಾರ್ ಬೆಳಿಗ್ಗೆ ಎಡವಿ
ಐಸೆನ್ ಮೇಲೆ ಕಾಫಿ ಚೆಲ್ಲಿದರು.
ಇದೇನು ಕಚೇರಿಯೋ, ಕೊಟ್ಟಿಗೆಯೋ?
ಬೈದರು. ಬೈಯಲಿ. ಕಲೆ ಹಾಗೇ ಇದೆ.

ಈಗ ಕೆಲಸ ಕೇಳಿ ಬಂದವರು
ತೆಂಕಣದ ದ್ವೀಪಗಳನ್ನು ದಾಟಿಯೇ
ನನ್ನ ಮೇಜಿಗೆ ಬರಬೇಕು.
ತುಂಬ ದೂರವೇ, ಎಂದರೆ
ನಡೆದು ನೋಡಿ ಅನ್ನುತ್ತೇನೆ,
ಬೂಟು ಬಿಚ್ಚಿ, ಮೆಲ್ಲಗೆ, ಇಬ್ಬರೂ.
ಮುದ್ರೆ ಆಮೇಲೆ.