ಅರ್ಥ್ ವೈರು

ಹನ್ನೆರಡೂವರೆ ವೋಲ್ಟು ತೋರಿಸ್ತು ಮೀಟರು.
ಅಂದ್ರ ಬ್ಯಾಟ್ರಿ ಸತ್ತಿಲ್ಲ.
ಗುಂಡೇರಾವ ಮುನೀಮರ ಮುಖದಾಗ ಮಾತ್ರ
ಆಗಲೇ ಸೂತಕ.

"ಕಣ್ಣಿನ ಆಪರೇಶನ್ ಆಗಿ ಹದಿನೈದು ದಿನ
ದಾಲ್ ಮಿಲ್ಲಿನ ಹಿತ್ತಲದಾಗೇ ನಿಂತಿತ್ತೋ ಮಲ್ಕಪ್ಪ.
ಇವತ್ತ ಚಾವಿ ತಿರುವಿದ್ರ
ಟಿಕ್ ಅಂತದ, ಸುಮ್ಮಾಗ್ತದ."
ಟೆಂಪೋಕ್ಕ ಹಗ್ಗ ಕಟ್ಟಿ ಎಳಕೊಂಡು ಬಂದಾರ
ಮೊಂಡ ಎಮ್ಮಿ ತಂದಂಗ.

ಟಿಕ್.
ನಾನೂ ತಿರುವಿ ಕೇಳಿದೆ.
ಬಾಯಿತನಕ ಬಂದ ಮಾತು ನುಂಗಿದವರ ಗಂಟಲು
ಹಿಂಗೇ ಸಪ್ಪಳ ಮಾಡ್ತದ.

ಆಳಂದ ನಾಕಾದಾಗ ಮೇ ತಿಂಗಳ ಹನ್ನೊಂದು ಗಂಟಿ.
ಬಾನೆಟ್ಟು ರೊಟ್ಟಿ ಹಂಚು.
ಹಸಿ ಚಿಂದಿ ಹಿಡಿದು ಎತ್ತಿದೆ.
ಏರ್ ಫಿಲ್ಟರಿನ ಬಗಲಿಗಿ ಯಾರೋ ಸಂಸಾರ ಹೂಡ್ಯಾರ:
ತೊಗರಿ ಹೊಟ್ಟು, ಗೋಣಿ ನಾರು,
ಮುನೀಮರ ಕೈಬರಹದ ತೂಕದ ಚೀಟಿ, ಚೂರುಚೂರು,
ಹಳದಿ ವೈರಿನ ಸಿಪ್ಪಿ,
ಅದರ ಮ್ಯಾಲ ಕಣ್ಣು ತೆರಿಯದ ಐದು ಇಲಿಮರಿ
ಹಸಿ ಶೇಂಗಾ ಬೀಜದಂಗ.

"ಸಿಕ್ಕ ನೋಡ್ರಿ ಕಳ್ಳ" ಅಂದ ಅಫ್ರೋಜ್.
ಹದಿನೇಳು ವರ್ಷ. ಅವನಿಗಿ ಎಲ್ಲಾ ಲಗೂನ ಸಿಗ್ತದ.
ಬಲ್ಬಿನ ಖಾಲಿ ಖೋಕಾದಾಗ ಮರಿ ಹಾಕಿ
ಬೇವಿನ ನೆರಳಿಗಿ ಇಟ್ಟು ಬಂದೆ.
ಕಡಿದ ವೈರು ಸುಲಿದೆ, ಹೆಣೆದೆ, ಟೇಪು ಸುತ್ತಿದೆ.
ಚಾವಿ.
ಟಿಕ್.
ಅಫ್ರೋಜ್ ನನ್ನ ಮುಖ ನೋಡಲಿಲ್ಲ.
ಅದು ಅವನ ದೊಡ್ಡಗುಣ.

ಫ್ಯೂಜು ಒಂದೊಂದೇ ಕಿತ್ತು ಬಿಸಿಲಿಗಿ ಹಿಡಿದೆ:
ಎಲ್ಲಾರ ಜನಿವಾರ ಬರೋಬ್ಬರಿ ಅದ.
ಸೆಲ್ಫ್ ಮೋಟರಿಗಿ ಪಾನಾದಲಿಂದ ಎರಡು ಬಡಿದೆ.
ಹೆಡ್‌ಲೈಟ್ ಹಚ್ಚಿ ಚಾವಿ ತಿರುವಿದ್ರ
ಬೆಳಕು ಸಣ್ಣಗಾಗಿ, ಸಣ್ಣಗಾಗಿ,
ಕರೆದಾಗ ಎದ್ದು ಒಳಗ ಹೋದಂಗಾಯ್ತು.

ಆಗ ನೆನಪಾದ ಚಾಂದಪಾಶಾ ಉಸ್ತಾದ,
ಹುಮನಾಬಾದ್ ಬೇಸಿನ ತಗಡಿನ ಅಂಗಡಿ,
ತಾಮ್ರದ ತಂತಿ ಬಿಗಿದ ಅವನ ಚಶ್ಮಾ,
ನನ್ನ ಬೆರಳ ಗೆಣ್ಣಿಗಿ ಅವನ ಸ್ಕ್ರೂಡ್ರೈವರು:
"ಬರೋ ಕರೆಂಟಿಗಿ ಎಲ್ಲಾರೂ ಸಲಾಂ ಹೊಡಿತಾರ ಬೇಟಾ,
ವಾಪಸ್ ಹೋಗೋ ದಾರಿ ಯಾಂವ ನೋಡ್ತಾನ?"

ಮೀಟರಿನ ಒಂದು ಮುಳ್ಳು ಬ್ಯಾಟ್ರಿ ಮೈನಸ್ಸಿಗಿ,
ಇನ್ನೊಂದು ಇಂಜಿನ್ ಮೈಗಿ.
"ತಿರುವೋ ಅಫ್ರೋಜ್."
ಸೊನ್ನಿ ಇರಬೇಕಾದಲ್ಲಿ ನಾಕು ವೋಲ್ಟು.

ಬ್ಯಾಟ್ರಿ ತಟ್ಟಿಯ ಕೆಳಗ, ಯಾರ ಕೈಯೂ ಹೋಗದ ಜಾಗದಾಗ
ಅರ್ಥ್ ಪಟ್ಟಿ.
ನೋಡಲಿಕ್ಕ ಗಟ್ಟಿ, ಮುಟ್ಟಿದ್ರ
ಹಸಿರು ಕಿಲುಬು ಉದುರಿ ಅಂಗೈ ತುಂಬಿತು.
"ಅರ್ಥ್ ಇಲ್ರಿ ಇದಕ್ಕ" ಅಂದೆ.
"ಯಾವುದಕ್ಕ ಅದಪಾ" ಅಂತ ನಕ್ಕರು ಮುನೀಮರು,
ಹಳೇ ಮೆಟ್ರಿಕ್ಕು,
ಮುಂಜಾನಿಯಿಂದ ಇದೇ ಮೊದಲ ನಗಿ.

ಲಾರಿಯ ಹಳೇ ಪಟ್ಟಿ ಕತ್ತರಿಸಿದೆ.
ಬೋಲ್ಟಿನ ಜಾಗಕ್ಕ ಪಾಲಿಶ್ ಕಾಗದ ಉಜ್ಜಿದೆ,
ತಗಡು ಬೆಳ್ಳಗ ಕಾಣೋತನಕ.
ಚಾವಿ.
ಈ ಸಲ ಇಂಜಿನ್ನು ಟಿಕ್ ಅನ್ನಲೇ ಇಲ್ಲ,
ಸೀದಾ ಮಾತಿಗಿಳೀತು.
ಮುನೀಮರು ಕರಿ ಚಶ್ಮಾ ಏರಿಸಿ
ನೂರಾ ಎಂಬತ್ತು ಎಣಿಸಿ, ಮತ್ತೊಮ್ಮೆ ಎಣಿಸಿ ಕೊಟ್ಟರು.
ಟೆಂಪೋದ ಹುಡುಗ ಗಾಡಿ ನಡಿಸಿಕೊಂಡು ಹೋದ.

ಸಂಜಿಗಿ ಶಟರ್ ಎಳಿಯುವಾಗ
ಬೇವಿನ ಬುಡದಾಗ ಖೋಕಾ.
ಇನ್ನೂ ಮಿಸುಕಾಡ್ಲತ್ತಿದ್ದವು, ನಾಕು.
ದಾಲ್ ಮಿಲ್ಲು ಇಲ್ಲಿಂದ ಆರು ಕಿಲೋಮೀಟರು.
ತಾಯಿ ಅಲ್ಲೇ ಉಳಿದಿತ್ತೋ,
ಗಾಡಿ ಸಂಗಾಟ ಬಂದು ಗಾಡಿ ಸಂಗಾಟ ಹೋಯ್ತೋ.

ಅಫ್ರೋಜ್ ಬೈಕಿನ ಚಾವಿ ಕೇಳಿದ.
ಯಾಕೋ ಅನ್ನಲಿಲ್ಲ ನಾನು.
ಖೋಕಾ ಎದಿಗಿ ಹಿಡಕೊಂಡು ಹಿಂದ ಕುಂತೆ.
ಹಗೂರ ಹೋಗೋ, ಅಂದೆ,
ತಗ್ಗು ಭಾಳ ಅವ.