ಚಿಲ್ಲರೆ ಬಾಕಿ

ಬಾಗಿಲು ತಾನೇ ತೆರೆಯಿತು.
ಮೂವತ್ತೊಂದು ವರ್ಷ ಬಸ್ಸಿನ ಬಾಗಿಲು ಎಳೆದು ಮುಚ್ಚಿದವನಿಗೆ
ಇದೊಂದು ಸಣ್ಣ ಅವಮಾನ.
"ಮುಂದೆ ಹೋಗಿ, ಮುಂದೆ ಖಾಲಿ ಉಂಟು"
ನಾಲಗೆಯ ತುದಿವರೆಗೆ ಬಂದು ನಿಂತಿತು.

ಗೋಣಿಕೊಪ್ಪ. ಶನಿವಾರ ಸಂಜೆ. ನಾಳೆ ಸಂತೆ,
ಆದರೂ ಇಲ್ಲಿ ಕಾಲಿಡಲು ಜಾಗವಿಲ್ಲ.
ಸೊಪ್ಪಿಗೆ ಸಂತೆ, ಸೋಪಿಗೆ ಇದು, ಅನ್ನುತ್ತಾಳೆ ದಮಯಂತಿ.
ಅವಳ ಪಟ್ಟಿ ನನ್ನ ಅಂಗಿ ಜೇಬಿನಲ್ಲಿ:
ಉದ್ದು, ರವೆ, ಪಾತ್ರೆ ಉಜ್ಜುವ ನಾರು,
ಕೊನೆಗೆ ಅಡಿಗೆರೆ ಎರಡು ಎಳೆದು, ಇಂಗು.

ಕನ್ನಡಕ ಮನೆಯಲ್ಲಿ.
ಬೆಲೆಯ ಚೀಟಿಗಳೆಲ್ಲ ಇರುವೆ ಸಾಲು.

ಕಾಚಂಪುಳಿಯ ಬಾಟಲಿ, ಅದಕ್ಕೆ ಒತ್ತಿ ಸೋಯಾ ಸಾಸ್,
ಎರಡೂ ಕಪ್ಪು, ಎರಡೂ ಮೌನ,
ಮೂರು ಜನರ ಸೀಟಿನಲ್ಲಿ ಐದಾಗಿ ಕೂತ ಅಪರಿಚಿತರು.
ಪೆಮ್ಮಯ್ಯ ಮಾಸ್ಟ್ರು ಸ್ಟಿಕ್ಕರ್ ಅಂಟಿಸಿಕೊಂಡ ಕಿತ್ತಳೆಯೊಂದನ್ನು
ಮೂಸಿದರು, ತಲೆಯಾಡಿಸಿದರು, ವಾಪಸಿಟ್ಟರು.
ಮತ್ತೆ ಎತ್ತಿಕೊಂಡು ಬುಟ್ಟಿಗೆ ಹಾಕಿದರು.
ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಹುಡುಗನೊಬ್ಬ
ಫೋನಿನಲ್ಲಿ ಯಾರಿಗೋ ಶಾಂಪೂಗಳನ್ನು ತೋರಿಸುತ್ತಿದ್ದ,
ನಿಧಾನವಾಗಿ, ಎಡದಿಂದ ಬಲಕ್ಕೆ, ಊರು ತೋರಿಸುವ ಹಾಗೆ.

ಮೂಲೆಯಲ್ಲಿ ಕ್ಯಾಮೆರಾ.
ಚೆಕಿಂಗ್ ಸ್ಕ್ವಾಡ್ ಹತ್ತಿದಂತಾಗಿ
ಸುಮ್ಮನೆ ಜೇಬು ಮುಟ್ಟಿ ನೋಡಿಕೊಂಡೆ.

ಕೌಂಟರಿನಲ್ಲಿ ನನ್ನ ಮುಂದೆ ಒಬ್ಬಳು,
ಐವತ್ತು ದಾಟಿರಬೇಕು.
ತಲೆಗೆ ಸುತ್ತಿದ ಟವೆಲ್ಲಿನಲ್ಲಿ ಕಾಫಿ ಎಲೆಯ ಚೂರು.
ಸಕ್ಕರೆ, ಒಣಮೀನು, ಎರಡು ನೋಟುಪುಸ್ತಕ,
ಬಟ್ಟೆ ಸೋಪು, ಹೆಬ್ಬೆರಳಷ್ಟು ಉಗುರುಬಣ್ಣ.
ರುಬೀನಾಳ ಯಂತ್ರ ಪ್ರತಿಯೊಂದಕ್ಕೂ ಕೀಂ ಅಂದಿತು.
ಮುನ್ನೂರ ಹನ್ನೆರಡು.
ಅವಳು ಮೇಜಿನ ಮೇಲೆ ಎಣಿಸಿದ್ದು ಮುನ್ನೂರ ಎಂಟು.

"ಏನು ತೆಗೀಲಿ?"
ರುಬೀನಾಳ ಕೈ ಉಗುರುಬಣ್ಣದ ಕಡೆಗೆ.
"ಅದಲ್ಲ" ಅಂದಳು. ಸೋಪನ್ನು ನೋಡಿದಳು.
ಆಮೇಲೆ ತಿರುಗಿ ನನ್ನನ್ನು.

"ಕಂಡಕ್ಟ್ರೇ, ನೀವು ನಂಗೆ ನಾಲ್ಕು ರೂಪಾಯಿ ಕೊಡ್ಲಿಕ್ಕುಂಟು.
ಕುಟ್ಟದ ಬಸ್ಸು. ಶ್ರೀಮಂಗಲದಲ್ಲಿ ಇಳಿದೆ.
ಟಿಕೆಟ್ಟಿನ ಹಿಂದೆ ಬರೆದು ಕೊಟ್ರಿ,
ಇಳಿಯುವಾಗ ಕೇಳಿ ಅಂದ್ರಿ.
ಕೇಳುವಷ್ಟರಲ್ಲಿ ರೈಟ್ ಅಂದ್ರಿ."

ಸಾಲಿನಲ್ಲಿ ಯಾರೋ ಕೆಮ್ಮಿದರು.
ಮುಖ ನೆನಪಿಲ್ಲ. ಎಷ್ಟು ಮುಖ!
ಆದರೆ ಆ ರೈಟ್ ನನ್ನದೇ.
ರಾತ್ರಿ ಡಿಪೋದಲ್ಲಿ ಲೆಕ್ಕ ಕಟ್ಟಿದ ಮೇಲೆ
ಚೀಲದ ತಳದಲ್ಲಿ ಒಂದಿಷ್ಟು ಉಳಿಯುತ್ತಿತ್ತು.
ಯಾರದ್ದು ಅಂತ ನಾನು ಕೇಳಲಿಲ್ಲ, ಅದೂ ಹೇಳಲಿಲ್ಲ.
ಒಂದು ಚಹಾ ಆಗುತ್ತಿತ್ತು,
ಹಬ್ಬದ ಮುನ್ನಾದಿನ ಬನ್ನು ಕೂಡಾ.

ಎರಡರ ಎರಡು ನಾಣ್ಯ ಮೇಜಿಗಿಟ್ಟೆ.
ಅವಳು ಥ್ಯಾಂಕ್ಸ್ ಅನ್ನಲಿಲ್ಲ,
ಬಾಕಿ ವಸೂಲಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ.
ಚೀಲ ಎತ್ತಿದಳು, ಬಾಗಿಲು ತೆರೆಯಿತು.

ನನ್ನದು ಏಳುನೂರ ನಲವತ್ತೇಳು.
ಏಳುನೂರ ಐವತ್ತು ಕೊಟ್ಟೆ.
"ಚಿಲ್ಲರೆ ಇಲ್ಲ ಅಂಕಲ್"
ಮೂರು ಚಾಕೊಲೇಟು ನನ್ನ ಕಡೆ ಸರಿಸಿದಳು.
ಈಗ ತಾನೇ ಬಿದ್ದ ನಾಣ್ಯಗಳು ಗಲ್ಲಾದೊಳಗೆ
ಕನ್ನಡಕವಿಲ್ಲದೆಯೂ ನನಗೆ ಚೆನ್ನಾಗಿ ಕಾಣುತ್ತಿದ್ದವು.
ಬಾಯಿ ತೆರೆದೆ. ಮುಚ್ಚಿದೆ.
ಬಾಯಿಗೊಂದು ಚಾಕೊಲೇಟು ಹಾಕಿಕೊಂಡೆ.

ಹೊರಗೆ ಕುಟ್ಟದ ಬಸ್ಸು ಗುರುಗುಟ್ಟುತ್ತ ನಿಂತಿತ್ತು.
ಅವಳು ಅದಕ್ಕೆ ಹತ್ತಲಿಲ್ಲ.
ಪಾಲಿಬೆಟ್ಟದ ಜೀಪಿನಲ್ಲಿ, ಹಿಂದೆ,
ಆರು ಜನರ ಮೊಣಕಾಲುಗಳ ನಡುವೆ ಕೂತು
ಉಗುರುಬಣ್ಣದ ಮುಚ್ಚಳ ತೆರೆದು
ಮೂಸುತ್ತಿದ್ದಳು.

ಶ್ರೀಮಂಗಲ ಆ ಕಡೆ. ಪಾಲಿಬೆಟ್ಟ ಈ ಕಡೆ.
ಇರಲಿ, ಮನುಷ್ಯರು ಊರು ಬದಲಿಸುತ್ತಾರೆ.

ಯಾರೂ ರೈಟ್ ಅನ್ನದೆಯೇ
ಜೀಪು ಹೊರಟಿತು.
ಇಂಗು ಮರೆತಿದ್ದೆ.